ಅಂಚಿಗೆ ತಾಗಿದ ಚೆಂಡು

ನನ್ನ ಬಲಗೈ ನಡುಗಿದ್ದಕ್ಕೆ ನ್ಯೂಜೆರ್ಸಿಯ ಮನ್ರೋದಲ್ಲಿ ಹನ್ನೊಂದು ಜನ ಹೆಂಗಸರು ನನ್ನ ಕಾಲಿಗೆ ಬಿದ್ದರು. ಅವರಲ್ಲಿ ಎಂ.ಎಸ್. ಮಾಡಿದವರಿದ್ದರು, ಬ್ಯಾಂಕಿನಲ್ಲಿ ಇಪ್ಪತ್ತು ಜನರ ಟೀಮ್ ನಡೆಸುವವಳಿದ್ದಳು, ಒಬ್ಬಳು ಹಲ್ಲಿನ ಡಾಕ್ಟರು. ಒಬ್ಬಳಿಗೂ ‘ಈ ಕೈಗೆ ಏನೋ ಆಗಿದೆ’ ಎನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ಆದರೆ ನಾನು ಬಿ.ಎ. ಮಾಡಿ ಮನೆ ನೋಡಿಕೊಂಡವಳು. ನನ್ನನ್ನು ಆಮೇಲೆ ಬಯ್ಯೋಣ.

ಈ ಕಾಯಿಲೆ ಬಂದವರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ಪಾರ್ಕಿನ್ಸನ್ಸ್ ಎಂದರೇನು, ಮಿದುಳಿನಲ್ಲಿ ಯಾವುದು ಕಡಿಮೆಯಾಗುತ್ತದೆ ಎಂಬುದೆಲ್ಲ ನಿಮ್ಮ ಫೋನಿನಲ್ಲೇ ಇದೆ. ನನ್ನ ಹತ್ತಿರ ಇರುವುದು ಬೇರೆ ಸರಕು.

ಶೈಲಜಾ ಮನೆಯ ವರಮಹಾಲಕ್ಷ್ಮಿ ಪೂಜೆ. ನಾನೇ ಹಿರಿಯಳೆಂದು ಮಂಗಳಾರತಿ ತಟ್ಟೆ ನನ್ನ ಕೈಗೆ ಬಂತು. ಹಲ್ಲಿನ ಡಾಕ್ಟರು ಹಾಡಲು ಶುರು ಮಾಡಿದಳು. ಅವಳಿಗೆ ಇದ್ದ ನುಡಿಗಳೆಲ್ಲ ಬಾಯಿಪಾಠ, ಒಂದನ್ನೂ ಬಿಡುವವಳಲ್ಲ. ತಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದೆ. ನಾಲ್ಕನೆಯ ನುಡಿಗೆ ಅರಿಶಿನ ಕುಂಕುಮದ ಬಟ್ಟಲುಗಳು ಕಿಣಿಕಿಣಿ ಎನ್ನತೊಡಗಿದವು. ಕೈ ನಿಲ್ಲಿಸೋಣವೆಂದರೆ ನಿಲ್ಲಲಿಲ್ಲ. ದೀಪ ಹೊಯ್ದಾಡಿತು.

“ಬಂದಳು ಕಣ್ರೇ! ತಾಯಿ ಬಂದಳು! ಜಯಕ್ಕನ ಮೈಮೇಲೆ ಬಂದಳು!” ಎಂದು ಶೈಲಜಾ ಕಿರುಚಿದಳು. ರೇಷ್ಮೆ ಸೀರೆಗಳೆಲ್ಲ ಒಟ್ಟಿಗೆ ನೆಲಕ್ಕೆ ಬಗ್ಗಿದ ಸದ್ದು ಕೇಳಿಸಿತು. “ತಾಯೀ, ನಮ್ಮ ಗ್ರೀನ್ ಕಾರ್ಡ್ ಏನಾಗುತ್ತಮ್ಮಾ? ಹತ್ತು ವರ್ಷದಿಂದ ಕಾಯ್ತಿದೀವಿ!”

ಬಿಸಿ ಎಣ್ಣೆ ಸೀರೆಯ ಮೇಲೆ ಚೆಲ್ಲುವುದರಲ್ಲಿತ್ತು. ಯಾರಾದರೂ ತಟ್ಟೆ ಇಸಿದುಕೊಂಡರೆ ಸಾಕಾಗಿತ್ತು. “ಆಯ್ತು, ಆಯ್ತು” ಎಂದೆ. ಹಾಡು ಆಯ್ತು, ಸಾಕು, ಹಿಡಿದುಕೊಳ್ಳಿ ಎಂಬ ಅರ್ಥದಲ್ಲಿ.

ಎರಡು ತಿಂಗಳಿಗೆ ಶೈಲಜಾ ಮನೆಯವರಿಗೆ ಗ್ರೀನ್ ಕಾರ್ಡ್ ಬಂತು. ಹತ್ತು ವರ್ಷದ ಕ್ಯೂ ತನ್ನ ಪಾಡಿಗೆ ತಾನು ಮುಂದೆ ಸರಿದು ಬಂದಿತ್ತು. ಆದರೆ ತಾಯಿ ಬಾಯಿ ಬಿಟ್ಟು ‘ಆಯ್ತು’ ಎಂದಿದ್ದಳಲ್ಲ! ಅಲ್ಲಿಂದಾಚೆ ಯಾರ ಮನೆಗೆ ಹೋದರೂ ನನಗೆ ಮೊದಲ ಕುರ್ಚಿ, ದಪ್ಪ ತೆಂಗಿನಕಾಯಿ, ಜರಿಯಂಚಿನ ರವಿಕೆ ಕಣ. ಇಪ್ಪತ್ತು ವರ್ಷ ನ್ಯೂಜೆರ್ಸಿಯಲ್ಲಿ ನನ್ನನ್ನು ಚಟ್ನಿಪುಡಿಗೆ ಬಿಟ್ಟು ಇನ್ಯಾವುದಕ್ಕೂ ಯಾರೂ ಕರೆದಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಹಿಡಿಸಿತು. ದೇವರ ಮುಂದೆ ಕೂತು ನಾನೇ ಕೇಳಿದ್ದೇನೆ: “ನಿಜವಾಗಿ ನೀನೇನಾ ತಾಯಿ?” ಕೈ ನಡುಗುತ್ತಿತ್ತು. ಅದನ್ನೇ ಉತ್ತರವೆಂದುಕೊಂಡೆ. ಮೂರ್ಖತನ ಮನ್ರೋದ ಹೆಂಗಸರಿಗೆ ಮಾತ್ರ ಮೀಸಲಲ್ಲ.

ಚಳಿಗಾಲಕ್ಕೆ ಚಪಾತಿ ಲಟ್ಟಿಸುವುದು ಕಷ್ಟವಾಯಿತು. ರವಿಕೆಯ ಹುಕ್ಕು ಹಾಕಿಕೊಳ್ಳಲು ಕಾಲು ಗಂಟೆ ಬೇಕಾಯಿತು. ನಮ್ಮ ಯಜಮಾನರು ಇಂಜಿನಿಯರು. ಏನು ಕೆಟ್ಟರೂ ಮೊದಲು ವೈರು ಸಡಿಲವಾಗಿದೆಯೇ ಎಂದು ನೋಡುವವರು. “ಬಿ-ಟ್ವೆಲ್ವ್ ಕಡಿಮೆ ಇರುತ್ತೆ, ಬಿಡು” ಎಂದರು. ಕಾಲೇಜಿನಿಂದ ಬಂದಿದ್ದ ಮಗಳು ಅಪೂರ್ವ ನಾನು ನಡೆಯುವುದನ್ನೇ ನೋಡಿ, “ಅಮ್ಮ, ಯುವರ್ ಆರ್ಮ್ ಈಸ್ ನಾಟ್ ಸ್ವಿಂಗಿಂಗ್” ಎಂದಳು. ಹೆತ್ತ ಮಗಳು ಕೈ ನೋಡಿದಳು, ಮಿಕ್ಕವರು ತಾಯಿಯನ್ನು ನೋಡಿದರು. ದೇವರು ಕೊಟ್ಟ ಮೊದಲ ಕೃಪೆ ಅದು.

ನರದ ಡಾಕ್ಟರ ವೇಟಿಂಗ್ ರೂಮಿನಲ್ಲಿ ಒಂದು ಮೀನಿನ ತೊಟ್ಟಿ ಇತ್ತು, ಅದರಲ್ಲಿ ಒಂದೇ ಒಂದು ಮೀನು. ನಲವತ್ತು ನಿಮಿಷ ನಾನೂ ಅದೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಎದುರಿಗಿದ್ದ ಮುದುಕನೊಬ್ಬನ ಕೈ ನನ್ನದರ ಹಾಗೆಯೇ ಕುಣಿಯುತ್ತಿತ್ತು. ಅವನ ಕಾಲಿಗೆ ಯಾರೂ ಬಿದ್ದಿರಲಿಲ್ಲ.

ಡಾಕ್ಟರು ಚಿಕ್ಕ ಹುಡುಗ, ನಮ್ಮ ಅಪೂರ್ವಳಿಗಿಂತ ಎಂಟು ಹತ್ತು ವರ್ಷ ದೊಡ್ಡವನಿರಬೇಕು. ಬೆರಳು ತಟ್ಟಿಸಿದ, ನಡೆಸಿದ, ಒಂದು ವಾಕ್ಯ ಬರೆಸಿದ. ಅಕ್ಷರ ಮೊದಲೂ ಇಷ್ಟೇ ಸಣ್ಣಗಿತ್ತೇ ಎಂದು ಕೇಳಿದ. ಅಪೂರ್ವ ನನ್ನ ಬ್ಯಾಗಿನಿಂದ ರಾಮಕೋಟಿ ಪುಸ್ತಕ ತೆಗೆದು ಕೊಟ್ಟಳು. ದಿನವೂ ಶ್ರೀರಾಮ ಶ್ರೀರಾಮ ಎಂದು ಬರೆಯುವ ಪುಸ್ತಕ ಅದು. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಹಾಳೆ ಹಾಳೆ ತಿರುವಿ ನೋಡಿದ. ಮೊದಲ ಪುಟಗಳಲ್ಲಿ ಅಕ್ಷರಗಳು ಹುರುಳಿಕಾಳಿನಷ್ಟಿದ್ದವು, ಕೊನೆಗೆ ಬಂದಾಗ ಸಾಸಿವೆ. ನನ್ನ ರಾಮ ಒಂದೂವರೆ ವರ್ಷದಿಂದ ಸಣ್ಣಗಾಗುತ್ತಾ ಹೋಗಿದ್ದ, ನಾನು ನೋಡಿರಲಿಲ್ಲ. ಭಕ್ತಳು ನಾನು, ಓದಿದವನು ಅವನು.

ಕಾಯಿಲೆಯ ಹೆಸರು ಹೇಳಿದ ಮೇಲೆ “ಏನಾದರೂ ಕೇಳುವುದಿದೆಯೇ?” ಎಂದ. ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು, “ಪಾರ್ಕಿಂಗ್ ಟಿಕೆಟ್ ಎಲ್ಲಿ ಸ್ಟ್ಯಾಂಪ್ ಮಾಡಿಸಬೇಕು?” ಎಂದು ಕೇಳಿದರು. ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಬಂದ ಪ್ರಶ್ನೆ ಅದು. ನಮ್ಮವರ ಹೋಟೆಲುಗಳಿರುವ ಐಸೆಲಿನ್‌ಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿ, ನನ್ನ ತಟ್ಟೆ ಎಳೆದುಕೊಂಡು ತುಂಡು ತುಂಡು ಮಾಡತೊಡಗಿದರು.

“ಏನ್ರೀ ಇದು? ನಾನಿನ್ನೂ ಸತ್ತಿಲ್ಲ” ಎಂದು ತಟ್ಟೆ ಕಿತ್ತುಕೊಂಡೆ. ಅವರ ಕಣ್ಣಲ್ಲಿ ನೀರಿತ್ತು. ಸಾಂಬಾರು ಖಾರ ಎಂದರು. ಇರಲಿ, ಅದನ್ನೂ ಕೃಪೆಯ ಲೆಕ್ಕಕ್ಕೇ ಸೇರಿಸಿದೆ.

ಯಾರಿಗೂ ಹೇಳಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಅವರು ಹೇಳಿದ ಕಾರಣ, “ಊರಿಗೆಲ್ಲ ಗೊತ್ತಾಗುತ್ತೆ, ಎಲ್ಲರೂ ಅಯ್ಯೋ ಅಂತಾರೆ.” ನನ್ನ ಕಾರಣ ನಾನು ಹೇಳಲಿಲ್ಲ. ಮೊದಲ ಕುರ್ಚಿ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ವ್ಯಾಯಾಮ ಹೇಳಿಕೊಡುತ್ತಿದ್ದ ಥೆರಪಿಯ ಹುಡುಗಿ ನನ್ನನ್ನು ಟೇಬಲ್ ಟೆನಿಸ್‌ಗೆ ಕಳಿಸಿದಳು. ಈ ಕಾಯಿಲೆಯವರಿಗೆಂದೇ ಮಂಗಳವಾರ ಬೆಳಿಗ್ಗೆ ತರಗತಿ. ಟೈಲ್ಸ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಹನ್ನೆರಡು ಟೇಬಲ್. ಸಲ್ವಾರಿನ ಕೆಳಗೆ ಸ್ನೀಕರ್ಸ್ ಹಾಕಿಕೊಂಡು ಹೋದೆ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬ್ಯಾಟ್. ಕನ್ನಡಿಯಲ್ಲಿ ನೋಡಿಕೊಂಡು ನನಗೇ ನಗು ಬಂತು.

ಅಲ್ಲಿ ಸಹಾಯಕ್ಕೆ ಬರುವ ಅಮೆರಿಕನ್ ಹೆಂಗಸರು ನಮಗಿರುವುದು ಮಿದುಳಿನ ಕಾಯಿಲೆಯಲ್ಲ, ಮೂರು ವರ್ಷದ ವಯಸ್ಸು ಎಂದುಕೊಂಡಿದ್ದರು. ಹನ್ನೆರಡು ಚೆಂಡಿಗೆ ಹನ್ನೆರಡೂ ತಪ್ಪಿಸಿದೆ. “ಅಮೇಜಿಂಗ್, ಜಾಯಾ! ಗುಡ್ ಜಾಬ್!” ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು.

“ಏನು ಅಮೇಜಿಂಗ್? ಚೆಂಡು ಅಲ್ಲಿ ಹೋಯಿತು, ಬ್ಯಾಟ್ ಇಲ್ಲಿ ಹೋಯಿತು” ಎಂದು ಹಿಂದಿನಿಂದ ಒಂದು ಧ್ವನಿ ಬಂತು.

ಅವಳೇ ಸುಮಿಕೊ. ಐವತ್ತು ದಾಟಿದ ಕುಳ್ಳು ಹೆಂಗಸು, ಎರಡೂ ಮಂಡಿಗೆ ಪಟ್ಟಿ. ಒಂದು ಕಾಲಕ್ಕೆ ಜಪಾನಿನಲ್ಲಿ ಇವಳಿಗಿಂತ ಮೇಲೆ ಐದಾರು ಜನ ಮಾತ್ರ ಇದ್ದರಂತೆ. ಅವಳದು ತುಂಡು ತುಂಡು ಇಂಗ್ಲಿಷ್, ನನ್ನದು ಅದಕ್ಕಿಂತ ಸ್ವಲ್ಪ ಉದ್ದನೆಯ ತುಂಡುಗಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಆ ಒಂದು ಮಾತಿಗೆ ನಾನು ಅವಳ ಕೈ ಹಿಡಿದು ಅಳುವುದೊಂದು ಬಾಕಿ. ನಾಲ್ಕು ತಿಂಗಳಿಂದ ಮನೆಯಲ್ಲಿ ಯಾರೂ ನನ್ನನ್ನು ಬೈದಿರಲಿಲ್ಲ. ಉಪ್ಪಿಲ್ಲದ ಹುಳಿಯನ್ನೂ ‘ಚೆನ್ನಾಗಿದೆ’ ಎಂದು ತಿಂದಿದ್ದರು. ಬದುಕಿದ್ದೇನೆಂದು ನಂಬುವವಳು ಒಬ್ಬಳು ಸಿಕ್ಕಳು.

ಚೆಂಡು ಉರುಳಿಬಂದು ನನ್ನ ಕಾಲಿಗೆ ತಾಗಿತು. ಅಭ್ಯಾಸಬಲ, ಬಗ್ಗಿ ಎತ್ತಿ ಕಣ್ಣಿಗೊತ್ತಿಕೊಂಡೆ. ಸುಮಿಕೊ ನೋಡಿದಳು. “ಇದೇನು?”

“ಕಾಲು ತಾಗಿತು. ಕ್ಷಮೆ ಕೇಳಿದೆ.”

ಅವಳು ತಲೆಯಾಡಿಸಿದಳು. “ಒಳ್ಳೆಯದು. ಆದರೆ ಇಲ್ಲಿ ಇನ್ನೂರು ಚೆಂಡು ಇವೆ. ಎಲ್ಲದರ ಹತ್ತಿರ ಕೇಳುತ್ತಾ ಕೂತರೆ ತರಗತಿ ಮುಗಿಯುತ್ತದೆ.”

ಎರಡನೆಯ ವಾರ ನಾನು ಹೊಡೆದ ಚೆಂಡು ನೆಟ್ಟಿನ ಮೇಲೆ ಕುಣಿದು ಆ ಕಡೆ ಬಿತ್ತು. “ರಾಮಾ, ನಿನ್ನ ದಯೆ!” ಎಂದು ಕೂಗಿಯೇ ಬಿಟ್ಟೆ. ಸುಮಿಕೊ ಬ್ಯಾಟು ಕೆಳಗಿಟ್ಟಳು. “ಕೈ ಎತ್ತು.”

“ಯಾಕೆ?”

“ನೆಟ್ಟಿಗೆ ತಾಗಿ ಬಿದ್ದರೆ, ಟೇಬಲ್ಲಿನ ಅಂಚಿಗೆ ತಾಗಿದರೆ, ಅದು ಅದೃಷ್ಟ. ನೀನು ಗಳಿಸಿದ್ದಲ್ಲ. ಎದುರಿನವರಿಗೆ ಕೈ ಎತ್ತಿ ಕ್ಷಮೆ ಕೇಳಬೇಕು. ಅದು ಈ ಆಟದ ಪದ್ಧತಿ.”

“ದೇವರು ಕೊಟ್ಟಿದ್ದಕ್ಕೆ ಯಾಕೆ ಕ್ಷಮೆ ಕೇಳಲಿ?”

“ನಿನಗೆ ಕೊಟ್ಟ. ನನ್ನಿಂದ ಕಿತ್ತುಕೊಂಡ” ಎಂದಳು. ನನ್ನ ಕೃಪೆಗಳ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ ಎಂದು ಅಷ್ಟು ವರ್ಷ ಪೂಜೆ ಮಾಡಿದರೂ ನನಗೆ ಹೊಳೆದಿರಲಿಲ್ಲ. ಕೈ ಎತ್ತಿದೆ.

ತರಗತಿ ಮುಗಿದ ಮೇಲೆ ಬೆಂಚಿನಲ್ಲಿ ಕೂತು ನಾನು ಒಯ್ದ ಮಜ್ಜಿಗೆ ಕುಡಿಯುತ್ತಾ ಅವಳು ತನ್ನ ಕಥೆಯನ್ನು ಚೂರು ಚೂರಾಗಿ ಹೇಳಿದಳು. ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಕೋಚ್ ಮನೆಯಲ್ಲಿ ಹೋಗಿ ಇದ್ದಳಂತೆ. ಮೊದಲ ವರ್ಷ ದೊಡ್ಡ ಹುಡುಗಿಯರ ಚೆಂಡು ಹೆಕ್ಕಿದ್ದೇ ಹೆಚ್ಚು. ಆಮೇಲೆ ಒಂದು ಕಂಪನಿಯ ತಂಡ. ಅಲ್ಲಿ ಆಟಗಾರರನ್ನು ಕಂಪನಿಗಳೇ ಸಾಕುತ್ತವಂತೆ. ಬೆಳಿಗ್ಗೆ ಆಫೀಸಿನಲ್ಲಿ ಕಾಗದಗಳಿಗೆ ಮುದ್ರೆ ಒತ್ತುವುದು, ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಆಟ. ಮದುವೆಯಾಗು ಎಂದು ಬಂದ ತಾಯಿಯನ್ನು ಟೇಬಲ್ಲಿನ ಆಚೆ ಕಡೆ ನಿಲ್ಲಿಸಿ, “ಒಂದು ಸರ್ವ್ ವಾಪಸು ಹೊಡೆ, ಆಗುತ್ತೇನೆ” ಎಂದಳಂತೆ. ಪಾಪ, ಆ ತಾಯಿ ಅರ್ಧ ಗಂಟೆ ಪ್ರಯತ್ನಪಟ್ಟಳಂತೆ. ಆಮೇಲೆ ಜರ್ಮನಿಯ ಯಾವುದೋ ಸಣ್ಣ ಊರಿನ ಕ್ಲಬ್ಬಿಗೆ ನಾಲ್ಕು ವರ್ಷ ಸಂಬಳಕ್ಕೆ ಆಡಿದಳು. ಊರವರು ಗೆದ್ದಾಗ ಬಿಯರ್ ಕೊಡುತ್ತಿದ್ದರು, ಸೋತಾಗ ಹೆಸರು ಮರೆಯುತ್ತಿದ್ದರು. ಭುಜ ಕೈಕೊಟ್ಟ ಮೇಲೆ ಇಲ್ಲಿಗೆ ಬಂದು ಶ್ರೀಮಂತರ ಮಕ್ಕಳಿಗೆ ಕಲಿಸುವ ಕೆಲಸ.

“ಆ ಮಕ್ಕಳಿಗೆ ಆಟ ಬೇಡ, ಕಾಲೇಜು ಅರ್ಜಿಯಲ್ಲಿ ಒಂದು ಸಾಲು ಬೇಕು” ಎಂದು ಮೂಗು ಮುರಿದಳು. “ನೀವೇ ವಾಸಿ. ನಿಮಗೆ ಕೈ ಬೇಕು.”

ನನ್ನ ಕೈಯ ಬಗ್ಗೆ ಅವಳೇ ಒಂದು ವಿಷಯ ಕಂಡುಹಿಡಿದಳು. ಚೆಂಡು ಹೊಡೆಯುವಾಗ ನಡುಕ ಇರುವುದಿಲ್ಲ. ಮಡಿಲಲ್ಲಿ ಸುಮ್ಮನೆ ಇಟ್ಟಾಗ, ಏನನ್ನಾದರೂ ಅಲುಗಾಡದೆ ಹಿಡಿದು ನಿಂತಾಗ ಬರುತ್ತದೆ. “ನಿನ್ನ ಕೈ ಸೋಮಾರಿ ಇದ್ದಾಗ ಕೆಟ್ಟದು. ಅದಕ್ಕೆ ಕೆಲಸ ಕೊಡು” ಎಂದಳು. ನಮ್ಮ ಅತ್ತೆಯವರು ನನ್ನ ಬಗ್ಗೆ ಹೇಳುತ್ತಿದ್ದುದೂ ಇದನ್ನೇ.

ಇಷ್ಟರಲ್ಲಿ ವಿನುತಾ ಬಂದಳು. ನಮ್ಮ ಪೂಜೆಗಳ ಗುಂಪಿನವಳು, ಧಾರವಾಡದ ಹುಡುಗಿ, ಮೂವತ್ತೆಂಟು ವಯಸ್ಸು, ಎರಡು ಚಿಕ್ಕ ಮಕ್ಕಳು. ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲೇ ನಿಂತು ಅಳತೊಡಗಿದಳು.

“ಅಕ್ಕಾರ, ಎದಿಯೊಳಗ ಗಂಟಿನಂಗ ಏನೋ ಕೈಗೆ ಹತ್ತೇದ್ರಿ. ಸೂಜಿ ಹಾಕಿ ತಗದು ನೋಡಬೇಕಂತ. ನನಗ ಭಾಳ ಅಂಜಿಕಿ ಆಗೇದ. ಒಮ್ಮೆ ತಲಿ ಮ್ಯಾಲೆ ಕೈ ಇಡ್ರಿ.”

ಅಳುವ ಮಗುವಿನ ತಲೆ ಸವರುವ ಹಾಗೆ ಕೈ ಇಟ್ಟೆ. ಅದು ನಡುಗಿತು. “ಆಯ್ತು, ಆಯ್ತು, ಅಳಬೇಡ” ಎಂದೆ. ಅವಳು ಕಣ್ಣು ಒರೆಸಿಕೊಂಡು ನಗುತ್ತಾ ಹೋದಳು. ಮೂರು ವಾರ ಬಿಟ್ಟು, ಪೂಜೆಗೆ ಕರೆದಿದ್ದಾರೆ, ನೀವು ಬರುತ್ತೀರಲ್ಲ ಎಂದು ಫೋನ್ ಮಾಡಿದಳು. ಟೆಸ್ಟ್ ಏನಾಯಿತು ಎಂದು ಕೇಳಿದೆ.

“ಕ್ಯಾನ್ಸಲ್ ಮಾಡಿದ್ನಿರಿ. ತಾಯಿ ‘ಆಯ್ತು’ ಅಂದ ಮ್ಯಾಲೆ ಸೂಜಿ ಯಾಕ್ರಿ?”

“ವಿನುತಾ, ಹುಚ್ಚಿ ಥರ ಆಡಬೇಡ. ನಾಳೆನೇ ಹೋಗಿ ಮಾಡಿಸ್ಕೊ.”

“ಈಗ ಮಾತಾಡೋರು ನೀವು ಅಕ್ಕಾರ್ರಿ. ಅವತ್ತ ಹೇಳಿದಾಕಿ ತಾಯಿ” ಎಂದು ನಕ್ಕಳು. ಫೋನು ಕೈಯಲ್ಲಿ ಹಿಡಿದೇ ಅಡುಗೆಮನೆಯ ನೆಲದ ಮೇಲೆ ಕೂತೆ. ನಾನು ಏನು ಹೇಳಿದರೂ ಅದು ಜಯಕ್ಕನ ಮಾತು. ತಾಯಿಯೇ ಇರಲಿಲ್ಲ ಎಂದು ಹೇಳುವವರೆಗೆ ಈ ಹುಡುಗಿ ಸೂಜಿ ಹಾಕಿಸಿಕೊಳ್ಳುವುದಿಲ್ಲ. ಮೊದಲ ಕುರ್ಚಿಗೆ ಇವಳನ್ನು ಅಡವಿಟ್ಟಿದ್ದೆ. ಕಾಯಿಲೆಯ ಬಗ್ಗೆ ನನಗೆ ಇರುವಷ್ಟೂ ತಿರಸ್ಕಾರವನ್ನು ಅವತ್ತು ನನ್ನ ಮೇಲೆ ಖರ್ಚು ಮಾಡಿದೆ.

ಮಂಗಳವಾರ ಒಂದು ಚೆಂಡೂ ಬ್ಯಾಟಿಗೆ ತಾಗಲಿಲ್ಲ. “ಇವತ್ತು ಕೈಯಲ್ಲ, ತಲೆ ನಡುಗುತ್ತಿದೆ. ಏನು?” ಎಂದು ಸುಮಿಕೊ ಕೇಳಿದಳು. ಬೆಂಚಿನಲ್ಲಿ ಕೂತು ಎಲ್ಲ ಹೇಳಿದೆ. ಅವಳು ಮಜ್ಜಿಗೆ ಗಂಟಲಿಗೆ ಸಿಕ್ಕುವಷ್ಟು ನಕ್ಕಳು.

“ಹನ್ನೊಂದು ಅಂಪೈರುಗಳು! ಹನ್ನೊಂದೂ ಕುರುಡು!”

ಆಮೇಲೆ ಒಂದು ಮ್ಯಾಚಿನ ವಿಷಯ ಹೇಳಿದಳು. ರಾಷ್ಟ್ರೀಯ ತಂಡಕ್ಕೆ ಆರಿಸುವ ಪಂದ್ಯ, ಕೊನೆಯ ಗೇಮು, ಎರಡು ಪಾಯಿಂಟಿನಲ್ಲಿ ಮುಗಿಯುವ ಹೊತ್ತು. ಎದುರಿನವಳು ಹೊಡೆದ ಚೆಂಡು ಹೊರಗೆ ಹೋಯಿತು. ಅಂಪೈರು ಸುಮಿಕೊಗೆ ಪಾಯಿಂಟ್ ಕೊಟ್ಟ. ಆದರೆ ಚೆಂಡು ಇವಳ ಕಡೆಯ ಅಂಚನ್ನು ಕೂದಲೆಳೆಯಷ್ಟು ಸವರಿಕೊಂಡು ಹೋಗಿತ್ತು. ಅದು ಎದುರಿನವಳಿಗೆ ಸಲ್ಲಬೇಕಾದ ಪಾಯಿಂಟು. ಯಾರೂ ನೋಡಿರಲಿಲ್ಲ.

“ಕೈ ಎತ್ತಿದೆ. ತಾಗಿತು ಎಂದೆ. ಪಾಯಿಂಟ್ ಹೋಯಿತು, ಮ್ಯಾಚ್ ಹೋಯಿತು, ತಂಡ ಹೋಯಿತು. ಮತ್ತೆ ಯಾವತ್ತೂ ಅಷ್ಟು ಹತ್ತಿರ ಹೋಗಲಿಲ್ಲ.”

ಮನಸ್ಸು ತುಂಬಿ ಬಂತು. “ಎಂಥ ದೊಡ್ಡ ಗುಣ ನಿನ್ನದು” ಎಂದೆ.

“ಗುಣ?” ಎಂದು ಅವಳು ಉಗಿಯುವ ಹಾಗೆ ಹೇಳಿದಳು. “ತಲೆ ಬೇಡ ಬೇಡ ಎನ್ನುತ್ತಿತ್ತು. ಹನ್ನೊಂದನೆಯ ವಯಸ್ಸಿನಿಂದ ಮಾಡಿದ ಅಭ್ಯಾಸ, ಕೈ ತಾನೇ ಎದ್ದಿತು. ನಿನ್ನದರ ಹಾಗೆ, ನನ್ನ ಮಾತು ಕೇಳಲಿಲ್ಲ. ದಿನವೂ ಹಲ್ಲುಜ್ಜುವಾಗ ಆ ಅಂಪೈರನ್ನು ಬೈಯುತ್ತೇನೆ. ಕತ್ತೆ.”

ಉಳಿದ ಮಜ್ಜಿಗೆ ಕುಡಿದು ಮುಗಿಸಿ, “ಆದರೆ ಚೆಂಡು ತಾಗಿದ್ದು ನನಗೊಬ್ಬಳಿಗೇ ಗೊತ್ತಿತ್ತು” ಎಂದಳು. ಲೋಟ ಕೆಳಗಿಟ್ಟು ಎದ್ದು ಹೋದಳು.

ಶುಕ್ರವಾರ ಮತ್ತೆ ಶೈಲಜಾ ಮನೆ, ಮತ್ತೆ ವರಮಹಾಲಕ್ಷ್ಮಿ. ಈ ಸಲ ಹನ್ನೊಂದಲ್ಲ, ಇಪ್ಪತ್ತಕ್ಕೂ ಮೇಲೆ. ಪಕ್ಕದ ರಾಜ್ಯದ ಬೆಲ್‌ರೋಸ್‌ನಿಂದ ಸೇತುವೆ ದಾಟಿ ಬಂದವರೂ ಇದ್ದರು. ಗ್ರೀನ್ ಕಾರ್ಡ್ ತಾಯಿ ಎಂದು ನನ್ನ ಹೆಸರು ಹಬ್ಬಿತ್ತು. ಹೊರಡುವಾಗ ಯಜಮಾನರು, “ಸುಮ್ನೆ ಇವತ್ತೊಂದಿನ ಇದ್ದುಬಿಡು, ವಿನುತಾಗೆ ಆಮೇಲೆ ಬೇರೆಯಾಗಿ ಹೇಳೋಣ” ಎಂದಿದ್ದರು. ವೈರು ಸಡಿಲವಾಗಿದ್ದರೆ ಟೇಪು ಸುತ್ತುವ ಬುದ್ಧಿ.

ತಟ್ಟೆ ಮತ್ತೆ ನನ್ನ ಕೈಗೆ ಬಂತು, ಹಲ್ಲಿನ ಡಾಕ್ಟರು ಹಾಡು ಶುರು ಮಾಡಿದಳು. ಎರಡನೆಯ ನುಡಿಗೇ ಬಟ್ಟಲುಗಳು ಕಿಣಿಕಿಣಿ ಎಂದವು. ಹೆಂಗಸರು ಕೈ ಜೋಡಿಸಿದರು. ವಿನುತಾ ಎಲ್ಲರಿಗಿಂತ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು. ನಾನು ಎಡಗೈ ಎತ್ತಿದೆ. ಅಂಗೈ ಮುಂದೆ ಮಾಡಿ, ಸುಮಿಕೊ ಎತ್ತುವ ಹಾಗೆ. ಹಾಡು ನಿಂತಿತು.

“ಇದು ತಾಯಿ ಅಲ್ಲ. ಕಾಯಿಲೆ. ಪಾರ್ಕಿನ್ಸನ್ಸ್. ಹೋದ ವರ್ಷದ್ದೂ ಇದೇ. ಅವತ್ತು ‘ಆಯ್ತು’ ಅಂದಿದ್ದು ಹಾಡು ಸಾಕು, ತಟ್ಟೆ ಹಿಡ್ಕೊಳ್ಳಿ ಅಂತ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ನನ್ನದೇ ತಪ್ಪು.”

ಶೈಲಜಾಳ ಮುಖ ನೋಡಬೇಕಿತ್ತು. ಬಂದ ಗ್ರೀನ್ ಕಾರ್ಡನ್ನು ನಾನೇ ವಾಪಸು ಕೇಳಿದಂತಿತ್ತು. “ಹಾಗನ್ನಬೇಡಿ ಜಯಕ್ಕ. ತಾಯಿ ಯಾವ ರೂಪದಲ್ಲಿ ಬರ್ತಾಳೋ ಯಾರಿಗೆ ಗೊತ್ತು?”

“ದಿನಕ್ಕೆ ಮೂರು ಮಾತ್ರೆ ತಗೊಂಡ್ರೆ ಇಳಿದು ಹೋಗೋ ತಾಯಿನ ನಾನು ಕಂಡಿಲ್ಲಮ್ಮ” ಎಂದೆ.

“ನನಗೆ ಅವತ್ತೇ ಡೌಟ್ ಇತ್ತು ಆಂಟಿ” ಎಂದಳು ಹಲ್ಲಿನ ಡಾಕ್ಟರು.

“ಡೌಟ್ ಇದ್ದವಳು ಕಾಲಿಗೆ ಯಾಕಮ್ಮ ಬಿದ್ದೆ?”

ತಟ್ಟೆಯನ್ನು ಬೇರೆ ಯಾರೋ ಇಸಿದುಕೊಳ್ಳಲು ಬಂದರು. ಕೊಡಲಿಲ್ಲ. ಸುಮ್ಮನೆ ಹಿಡಿದು ನಿಂತರೆ ತಾನೇ ನಡುಕ? ಹಾಡುವವರು ಹಾಡಲಿ ಬಿಡಲಿ ಎಂದು ಆರತಿಯನ್ನು ದೊಡ್ಡದಾಗಿ ಸುತ್ತು ತಿರುಗಿಸಿ ಎತ್ತಿದೆ. ಬಟ್ಟಲುಗಳು ಸುಮ್ಮನಾದವು. ನನ್ನ ತಾಯಿ ಎಲ್ಲಿದ್ದಳೆಂದು ಕೇಳಿದರೆ ಆ ಸುತ್ತಿನಲ್ಲಿದ್ದಳು ಎನ್ನುತ್ತೇನೆ. ಅದಕ್ಕೆ ಯಾರೂ ನೆಲಕ್ಕೆ ಬಗ್ಗಲಿಲ್ಲ.

ಊಟಕ್ಕೆ ಕೂತಾಗ ನನ್ನ ಪಕ್ಕದ ಎರಡು ಕುರ್ಚಿ ಖಾಲಿ. ಇದು ಅಂಟುವ ಕಾಯಿಲೆಯಲ್ಲ ಎಂದು ಹಲ್ಲಿನ ಡಾಕ್ಟರಿಗಾದರೂ ಗೊತ್ತಿರಬೇಕಿತ್ತು. ರಾತ್ರಿಯೊಳಗೆ ವಾಟ್ಸಾಪಿನಲ್ಲಿ ಹದಿನಾಲ್ಕು ಮದ್ದು ಬಂದಿದ್ದವು. ಕಾಲಿಗೆ ಬಿದ್ದವರೇ ಈಗ ನನಗೆ ಅರಿಶಿನ ಯಾವ ಹೊತ್ತಿಗೆ ಕುಡಿಯಬೇಕೆಂದು ಹೇಳಿಕೊಡುತ್ತಿದ್ದರು.

ವಿನುತಾ ಊಟ ಮಾಡಿರಲಿಲ್ಲ. ಹೊರಗೆ ಕಾರಿನ ಹತ್ತಿರ ನಿಂತಿದ್ದಳು.

“ಸುಳ್ಳ ಹೇಳಿದ್ರಿ ನನಗ.”

“ಹೌದು.”

“ನಾ ನಂಬಿದ್ನಿರಿ ಅಕ್ಕಾರ.”

“ಗೊತ್ತು. ಎಷ್ಟು ಬೈಬೇಕೋ ಬೈಯಮ್ಮ. ಆದ್ರೆ ಸೋಮವಾರ ಫೋನ್ ಮಾಡಿ ಡೇಟ್ ತಗೋ. ನಾನೂ ಬರ್ತೀನಿ.”

ಅವಳು ನಿಜವಾಗಿಯೂ ಬೈದಳು. ಧಾರವಾಡದವರು ಬೈದರೆ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ವಿವರಿಸಲಾರೆ. ಸೋಮವಾರ ಫೋನ್ ಮಾಡಿದಳು.

ಅವಳ ಟೆಸ್ಟಿನ ದಿನ ನಾವು ಕೂತ ವೇಟಿಂಗ್ ರೂಮಿನಲ್ಲಿ ಮೀನು ಇರಲಿಲ್ಲ, ಗೋಡೆಯ ಮೇಲೆ ಸಮುದ್ರದ ಚಿತ್ರ ಮಾತ್ರ. ವಿನುತಾ ನನ್ನ ಜೊತೆ ಮಾತಾಡುತ್ತಿರಲಿಲ್ಲ, ಆದರೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಮಡಿಲಲ್ಲಿ ಸುಮ್ಮನಿದ್ದ ನನ್ನ ಬಲಗೈ ತನ್ನ ಕುಣಿತ ಶುರು ಮಾಡಿತು. ಅವಳು ಅದನ್ನೇ ನೋಡುತ್ತಿದ್ದಳು.

“ಯಾವಾಗಲೂ ಹಿಂಗೇನ್ರಿ?”

“ಕೆಲಸ ಇಲ್ಲದೆ ಇದ್ದಾಗ ಹೀಗೆ.”

ನರ್ಸು ಬಂದು ಹೆಸರು ಕರೆದಳು. ಕತ್ತಿನಲ್ಲಿರುವುದನ್ನೆಲ್ಲ ತೆಗೆದಿಡಬೇಕು ಎಂದಳು. ವಿನುತಾ ಎದ್ದು ನಿಂತು ತಾಳಿಯ ಸರ ಹಿಡಿದುಕೊಂಡಳು. ಮದುವೆಯಾದಾಗಿನಿಂದ ತೆಗೆದಿರಲಿಲ್ಲವಂತೆ. ಸುತ್ತ ನೋಡಿದಳು. ಅಲ್ಲಿ ಲಾಕರ್ ಇತ್ತು, ಅವಳ ಬ್ಯಾಗಿತ್ತು, ನನ್ನ ಎಡಗೈಯೂ ಇತ್ತು. ಸರ ಬಿಚ್ಚಿ, ನಡುಗುತ್ತಿದ್ದ ನನ್ನ ಬಲಗೈ ಹಿಡಿದು ಬಿಡಿಸಿ, ಅಂಗೈಯಲ್ಲಿಟ್ಟು, ಒಂದೊಂದೇ ಬೆರಳು ಮಡಚಿದಳು.

“ಹಿಡೀರಿ. ಕೆಲಸ” ಎಂದಳು.

ಒಳಗೆ ಹೋದಳು. ಬಾಗಿಲು ಮುಚ್ಚಿತು. ಅವಳು ಹೊರಗೆ ಬರುವವರೆಗೆ ನಾನು ಮುಷ್ಟಿ ಬಿಚ್ಚಲಿಲ್ಲ. ಅದು ಆಗಾಗ ನಡುಗಿತು. ಬೀಳಿಸಲಿಲ್ಲ.